ಹನೂರಿನ ಕಪ್ಪು ಕೋಶಗಳು

ಹೊಕ್ಕುಳಬಳ್ಳಿಯ ಡಬ್ಬವನ್ನು ನಮ್ಮಮ್ಮ ಒಂದು ದಿನಕ್ಕೂ ಮನೆಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ನಡುಮನೆಯೇ ಮಗ್ಗದ ಮನೆ. ಮಗ್ಗದ ಮೇಲೆ ರೇಷ್ಮೆ ಇರುವಾಗ ಹೆರಿಗೆಯ ಮೈಲಿಗೆ ಹೊಸಿಲು ದಾಟಕೂಡದು ಎಂಬುದು ಅವಳ ಕಾನೂನು. "ಊರೋರ ಸೂತಕನೆಲ್ಲ ಐಸ್ ಡಬ್ಬದಲ್ಲಿ ತುಂಬ್ಕಂಡು ಬಂದವ್ಳೆ. ಜಗ್ಲಿ ಮೇಲೇ ಮಡಗು ಅದ್ನ" ಎನ್ನುತ್ತಿದ್ದಳು. ನಾನೂ ಅವಳ ಮಗಳೇ ಅಲ್ಲವೇ, "ನಾನೂ ಇಂಥ ಬಳ್ಳೀಲೇ ತಾನೆ ನೇತಾಡ್ಕಂಡಿದ್ದಿದ್ದು, ಆಗ ಎಲ್ಲಿ ಮಡಗಿದ್ದೆ ನನ್ನ?" ಎಂದು ತಿರುಗಿಸಿ ಕೊಡುತ್ತಿದ್ದೆ. ಮಾತಿನಲ್ಲಿ ನಾನು ಗೆದ್ದರೂ ಡಬ್ಬ ಜಗಲಿಯಲ್ಲೇ ಇರುತ್ತಿತ್ತು. ಕಾಫಿ ಕುಡಿದು ಅದನ್ನು ಎತ್ತಿಕೊಂಡು ಮೈಸೂರಿನ ಬಸ್ಸು ಹತ್ತುತ್ತಿದ್ದೆ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಹದ ಹಲವು ಕಡೆ ಕಾಂಡಕೋಶಗಳಿವೆ. ಮೂಳೆಯೋ ಕೊಬ್ಬೋ ಬೇಕಾದಾಗ ಬೇಕಾದ್ದಾಗಿ ಬೆಳೆಯಬಲ್ಲ, ಇನ್ನೂ ಏನೂ ಆಗದೆ ಕಾದಿರುವ ಕೋಶಗಳು ಅವು. ಹೊಕ್ಕುಳಬಳ್ಳಿಯ ಲೋಳೆಯಲ್ಲಿ, ಹಲ್ಲಿನ ಒಳಗಿನ ತಿರುಳಿನಲ್ಲಿ, ಚರ್ಮದ ಕೆಳಗಿನ ಕೊಬ್ಬಿನಲ್ಲಿ ಸಿಗುತ್ತವೆ. ಎಲ್ಲಕ್ಕೂ ಒಂದೇ ಹೆಸರು. ಆದರೆ ಒಳಗಿನ ರಚನೆಯೂ ಒಂದೇನಾ ಎಂಬುದು ನಮ್ಮ ಪ್ರಶ್ನೆ. ಸಾಮಾನ್ಯವಾಗಿ ಈ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಸಾಕಿ, ಬೆಳೆಸಿ, ಆಮೇಲೆ ನೋಡುತ್ತಾರೆ. ಸಾಕಿದ ಮೇಲೆ ಎಲ್ಲವೂ ಸಾಕಿದವರ ಮನೆಯ ಮಕ್ಕಳ ಹಾಗೇ ಆಗಿಬಿಡುತ್ತವೆ ಎಂಬುದು ನನ್ನ ಮಾರ್ಗದರ್ಶಕರ ವಾದ. ಆದ್ದರಿಂದ ದೇಹದಲ್ಲಿ ಹೇಗಿದ್ದವೋ ಹಾಗೆಯೇ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂದು ಹೊರಟಿದ್ದೆವು.

ಮೂರು ಊರು, ಮೂರು ಅಂಗಾಂಶ. ಕೊಳ್ಳೇಗಾಲದ ಒಬ್ಬ ದಂತವೈದ್ಯರು ಕಿತ್ತ ಬುದ್ಧಿಹಲ್ಲುಗಳನ್ನು ತೆಗೆದಿಡುತ್ತಿದ್ದರು. ಯಳಂದೂರಿನ ಒಬ್ಬ ಸರ್ಜನ್ನರು ಹರ್ನಿಯಾ ಆಪರೇಷನ್ನಿನಲ್ಲಿ ಉಗುರಿನಷ್ಟು ಕೊಬ್ಬು ಕೊಡುತ್ತಿದ್ದರು. ಹನೂರು ಕಡೆಯ ಒಂದು ಸಣ್ಣ ಆಸ್ಪತ್ರೆಯಿಂದ ಹೊಕ್ಕುಳಬಳ್ಳಿ. ಕೊಟ್ಟವರೆಲ್ಲರ ಒಪ್ಪಿಗೆಯ ಸಹಿ ಇತ್ತು. ಹನೂರಿನ ಸಿಸ್ಟರ್ ಬೆರಳುದ್ದದ ತುಂಡನ್ನು ನಾನು ಕೊಟ್ಟ ಸಲೈನು ಸೀಸೆಗೆ ಹಾಕಿ ಐಸಿನಲ್ಲಿ ಇಡುತ್ತಿದ್ದರು. ನಾನು ಹೋಗಿ ಅಲ್ಲೇ ಅದನ್ನು ಅಕ್ಕಿಕಾಳಿನ ಗಾತ್ರಕ್ಕೆ ಕೊಯ್ದು ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಅದ್ದುತ್ತಿದ್ದೆ. ಆ ದ್ರಾವಣ ತಾಗಿದ ಗಳಿಗೆಯಲ್ಲಿ ಕೋಶ ಹೇಗಿತ್ತೋ ಹಾಗೇ ನಿಂತುಬಿಡುತ್ತದೆ. ಅದಕ್ಕೆ ಮುಂಚೆ ಕೋಶಕ್ಕೆ ಏನಾಗಿದ್ದರೂ ಅದೂ ಹಾಗೇ ನಿಲ್ಲುತ್ತದೆ. ಮುಂದಿನದೆಲ್ಲ ತಾಳ್ಮೆಯ ಕೆಲಸ. ಆಸ್ಮಿಯಂ ದ್ರಾವಣದಲ್ಲಿ ನೆನೆಸಬೇಕು, ಆಲ್ಕೋಹಾಲಿನಲ್ಲಿ ನೀರು ತೆಗೆಯಬೇಕು, ಅಂಟುರಾಳದಲ್ಲಿ ಹುದುಗಿಸಿ ಒಲೆಯಲ್ಲಿ ಗಟ್ಟಿ ಮಾಡಬೇಕು, ವಜ್ರದ ಅಲಗಿನಿಂದ ಕಣ್ಣಿಗೇ ಕಾಣದಷ್ಟು ತೆಳ್ಳಗೆ ಸೀಳಬೇಕು. ನನಗೆ ಹುಟ್ಟಿನಿಂದ ತಾಳ್ಮೆ ಕಡಿಮೆ. ಈ ಕೆಲಸಕ್ಕೆ ಯಾಕೆ ಬಂದೆಯೆಂದು ಅಮ್ಮ ಇವತ್ತಿಗೂ ಕೇಳುತ್ತಾಳೆ.

ಫಲಿತಾಂಶ ಬಂದಾಗ ಪ್ರಯೋಗಾಲಯದಲ್ಲಿ ಹಬ್ಬ. ಹಲ್ಲಿನ ಕೋಶಗಳೂ ಕೊಬ್ಬಿನ ಕೋಶಗಳೂ ಒಂದೇ ಹಾಗೆ ತಿಳಿಯಾಗಿ, ದುಂಡಗೆ ಇದ್ದವು. ಬಳ್ಳಿಯ ಕೋಶಗಳು ಮಾತ್ರ ಎರಡು ಬಗೆ. ಬಳ್ಳಿಯ ನಡುವಿನವು ತಿಳಿ, ಹೊರ ಅಂಚಿನವು ದಟ್ಟ ಕಪ್ಪು. ಕಪ್ಪು ಕೋಶಗಳ ಒಡಲು ಸುಕ್ಕಾಗಿತ್ತು, ಮೈಟೋಕಾಂಡ್ರಿಯಾಗಳು ಒತ್ತೊತ್ತಾಗಿದ್ದವು, ಸುತ್ತ ಖಾಲಿ ಜಾಗ ಬಿಟ್ಟುಕೊಂಡಿತ್ತು. ಒಂದೇ ಬಳ್ಳಿಯಲ್ಲಿ ಎರಡು ಬೇರೆ ಬೇರೆ ಕಾಂಡಕೋಶಗಳ ಕುಲ ಇದೆ ಎಂದು ಮಾರ್ಗದರ್ಶಕರು ತೀರ್ಮಾನಿಸಿದರು. ನಿವೃತ್ತಿಗೆ ಹತ್ತಿರವಾಗಿದ್ದ ಅವರು ಆ ಚಿತ್ರಗಳನ್ನು ನೋಡುವಾಗ ಹುಡುಗನ ಹಾಗೆ ಕಾಣುತ್ತಿದ್ದರು. ಪ್ರಬಂಧ ಬರೆದೆವು, ಒಳ್ಳೆಯ ಪತ್ರಿಕೆಗೆ ಕಳಿಸಿದೆವು. ವಿಮರ್ಶಕರು ಮೆಚ್ಚಿ, ಇನ್ನಷ್ಟು ಚಿತ್ರ ಬೇಕೆಂದಷ್ಟೇ ಕೇಳಿದರು. ಅದು ಅಚ್ಚಾದರೆ ಯೋಜನೆ ಮುಂದುವರಿಯುತ್ತದೆ, ನನ್ನ ಪಿಎಚ್‌ಡಿ ಮುಗಿಯುತ್ತದೆ. ಆಗದಿದ್ದರೆ ಎರಡೂ ಇಲ್ಲ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಒಂದು ಬಳ್ಳಿ ಕೊಳ್ಳೇಗಾಲದಿಂದ ಬಂತು. ಹನೂರಿನಲ್ಲಿ ಹೆರಿಗೆ ಇಲ್ಲದ ವಾರ, ಪರಿಚಯದ ಡಾಕ್ಟರರು ಸಿಸೇರಿಯನ್ ಆದ ಒಬ್ಬರದನ್ನು ಕೊಡಿಸಿದ್ದರು. ಅದರಲ್ಲಿ ಕಪ್ಪು ಕೋಶ ಒಂದೂ ಇರಲಿಲ್ಲ. ಅಂಚಿನಿಂದ ಅಂಚಿಗೆ ತಿಳಿ.

"ಸಿಸೇರಿಯನ್ ಅಲ್ವೇನಮ್ಮ, ಹೆರಿಗೆ ನೋವಿನ ಒತ್ತಡ ಬಳ್ಳಿಗೆ ಬಿದ್ದಿಲ್ಲ. ಅದಕ್ಕೇ ಹೊರಗಿನ ಕೋಶಗಳು ಇನ್ನೂ ಎಚ್ಚರ ಆಗಿಲ್ಲ" ಎಂದರು ಮಾರ್ಗದರ್ಶಕರು. "ಇದನ್ನೂ ಒಂದು ಪ್ಯಾರಾ ಸೇರಿಸೋಣ."

ಯಾವ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿರುವವರ ಜೊತೆ ಕೆಲಸ ಮಾಡುವುದು ಕಷ್ಟ. ಅವರ ಉತ್ತರ ತಪ್ಪೆಂದು ಹೇಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆದರೆ ಆ ಸುಕ್ಕುಗಳು ನನ್ನನ್ನು ಬಿಡಲಿಲ್ಲ. ಅವು ಬೇರೆ ಕುಲದ ಕೋಶಗಳ ಹಾಗೆ ಕಾಣುತ್ತಿರಲಿಲ್ಲ, ಯಾರೋ ಹಿಂಡಿದ ಕೋಶಗಳ ಹಾಗೆ ಕಾಣುತ್ತಿದ್ದವು. ಇದು ಅಂಗಾಂಶದ ವ್ಯತ್ಯಾಸವೋ ಊರಿನ ವ್ಯತ್ಯಾಸವೋ ಎಂಬ ಅನುಮಾನ ಹೊಕ್ಕಿತು. ಹೊಕ್ಕ ಮೇಲೆ ನಿದ್ದೆ ಹೋಯಿತು.

ಮೊದಲು ನನ್ನನ್ನೇ ಅನುಮಾನಿಸಿದೆ. ಸೀಸೆಯಲ್ಲಿ ಹಾಕಿಟ್ಟಿದ್ದ ಸಲೈನು ಅಳತೆ ಮೀರಿ ಗಾಢವಾಗಿತ್ತೇ ಎಂದು ಅಳೆದೆ, ಸರಿಯಾಗಿತ್ತು. ಐಸಿನ ತಂಪು ಕಾರಣವೇ ಎಂದು ಕೊಳ್ಳೇಗಾಲದ ಅದೇ ಡಾಕ್ಟರರಿಂದ ಇನ್ನೊಂದು ಬಳ್ಳಿ ತಂದು, ಅದರ ಚೂರುಗಳನ್ನು ಐಸಿನಲ್ಲೂ ಹೊರಗೂ ಇಟ್ಟು ನೋಡಿದೆ, ಎರಡೂ ತಿಳಿ. ನನ್ನ ಬಸ್ಸು ಹನೂರಿಗೆ ತಡವಾಗಿ ಹೋಗಿದ್ದಕ್ಕೋ ಎಂದು ಬೇಕೆಂದೇ ತಡಮಾಡಿ ನೋಡಿದೆ. ತಡವಾದ ಕೋಶಗಳು ಊದಿಕೊಂಡವೇ ಹೊರತು ಸುಕ್ಕಾಗಲಿಲ್ಲ. ಒಂದು ಸಲ ಅಂಟುರಾಳ ಸರಿಯಾಗಿ ಗಟ್ಟಿಯಾಗದೆ ಇಡೀ ಸರಣಿ ಕೈಬಿಟ್ಟುಹೋಯಿತು, ಆ ದಿನ ನಾನು ಒಲೆಗೇ ಬೈದೆ. ಕೊನೆಗೆ ಉಳಿದದ್ದು ಒಂದೇ ದಾರಿ. ಹನೂರಿಗೆ ಹೋಗಿ, ಬಳ್ಳಿ ತಾಯಿಯಿಂದ ಸೀಸೆಯವರೆಗೆ ಬರುವುದನ್ನು ಕಣ್ಣಾರೆ ನೋಡಬೇಕು. ಇಷ್ಟು ದಿನ ನಾನು ನೋಡಿದ್ದು ಸೀಸೆಯನ್ನು ಮಾತ್ರ.

ಹೆರಿಗೆ ಕೋಣೆಯ ಬಾಗಿಲ ಹತ್ತಿರ ನಿಲ್ಲಲು ಸಿಸ್ಟರ್ ಬಿಟ್ಟರು. ಕೌದಳ್ಳಿ ಕಡೆಯ ಹೆಂಗಸು, ಸುಸೂತ್ರ ಹೆರಿಗೆ, ಗಂಡು ಕೂಸು. ಕಸ ಬಿತ್ತು. ಕೂಸಿನ ಹಿಂದೆ ಬೀಳುವ ಮಾಸಿಗೆ ನಮ್ಮ ಕಡೆ ಕಸ ಎನ್ನುತ್ತಾರೆ. ನಿಯಮದ ಪ್ರಕಾರ ಅದು ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಹೋಗಬೇಕು, ಆದರೆ ಹೂಳುತ್ತೇವೆಂದು ಕೇಳಿದವರಿಗೆ ಅಲ್ಲಿ ಕೊಟ್ಟುಬಿಡುತ್ತಿದ್ದರು. ಆಯಾ ಅದನ್ನು ಬಳ್ಳಿಯ ಸಮೇತ ಬೇಸಿನ್ನಿನಲ್ಲಿ ಹಾಕಿ ಬಾಗಿಲ ಪಕ್ಕ ಇಟ್ಟಳು. ಹೊರಗೆ ಕೂತಿದ್ದ ಅಜ್ಜಿ ಎದ್ದು ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಹಿಡಿ ಕಲ್ಲುಪ್ಪು ತೆಗೆದು ಕಸದ ಮೇಲೆ ಉದುರಿಸಿದಳು. ಆಮೇಲೆ ಬಳ್ಳಿಯನ್ನು ಎತ್ತಿ, ಬುಡದಿಂದ ತುದಿವರೆಗೂ ಉಪ್ಪು ಸವರಿದಳು. ಎಣ್ಣೆ ಹಚ್ಚುವಷ್ಟು ನಯವಾಗಿ ಸವರಿದಳು. ಸಿಸ್ಟರ್ ಒಳಗೆ ಬಾಣಂತಿಯನ್ನು ನೋಡಿಕೊಂಡು, ಕೂಸಿನ ತೂಕ ಬರೆದು, ಎಲ್ಲ ಮುಗಿದ ಮೇಲೆ ಬಂದರು. ಬಳ್ಳಿಯನ್ನು ನಲ್ಲಿಯ ಕೆಳಗೆ ಹಿಡಿದು, ಬೆರಳುದ್ದ ಕೊಯ್ದು, ನನ್ನ ಸೀಸೆಗೆ ಹಾಕಿ ಮುಚ್ಚಳ ತಿರುಗಿಸಿದರು.

"ನೀಟಾಗಿ ತೊಳ್ದಿದೀನಿ ಮೇಡಂ" ಎಂದರು.

ನಾನು ಸೀಸೆಯನ್ನು ಕೈಗೆ ತೆಗೆದುಕೊಂಡು ಕೇಳಿದೆ, "ಎಲ್ಲಾರೂ ಉಪ್ಪು ಹಾಕ್ತಾರಾ ಸಿಸ್ಟರ್?"

"ಇಲ್ಲಿಗೆ ಬರೋರೆಲ್ಲ ಆಕ್ತಾರೆ. ಉಪ್ಪಾಕ್ದೆ ಊಳಿದ್ರೆ ನಾಯಿ ಬಗೀತವೆ, ಕೂಸಿನ ಒಕ್ಳು ಕೀವು ಕಟ್ತದೆ ಅಂತ. ಯಾಕೆ ಮೇಡಂ? ಡೆಟಾಲ್ ಆಕ್ಬೇಡಿ, ಸ್ಪಿರಿಟ್ ಆಕ್ಬೇಡಿ ಅಂತ ನೀವೇ ಯೋಳಿದ್ರಿ. ಒಂದು ದಿನಾನೂ ಆಕಿಲ್ಲ."

ಅವರ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಉಪ್ಪು ಹಾಕಬೇಡಿ ಎಂದು ಹೇಳಬೇಕೆಂದು ಭೂಮಿಯ ಮೇಲೆ ಯಾರಿಗೆ ಹೊಳೆಯುತ್ತದೆ? ಕೊಳ್ಳೇಗಾಲದ ಬಳ್ಳಿ ಆಪರೇಷನ್ ಥಿಯೇಟರಿನಿಂದ ನೇರ ಸೀಸೆಗೆ ಬಿದ್ದಿತ್ತು, ಯಾವ ಅಜ್ಜಿಯ ಕೈಗೂ ಸಿಕ್ಕಿರಲಿಲ್ಲ. ಉಪ್ಪು ಕೋಶದೊಳಗಿನ ನೀರನ್ನು ಹೀರುತ್ತದೆ, ನೀರು ಹೋದ ಕೋಶ ಸುಕ್ಕಾಗಿ ಕಪ್ಪಾಗುತ್ತದೆ. ಹೊರಗಿನಿಂದ ಹೀರುವುದರಿಂದ ಅಂಚಿನವು ಮೊದಲು. ನಮ್ಮ ಎರಡು ಕುಲದ ಕಥೆ ಉಪ್ಪಿನಕಾಯಿಯ ಕಥೆಯಾಗಿತ್ತು.

ವಾಪಸ್ಸು ಬರುವ ಬಸ್ಸು ಕಾಮಗೆರೆ ದಾಟುವಷ್ಟರಲ್ಲಿ ನನಗೆ ಇನ್ನೊಂದೂ ಹೊಳೆದಿತ್ತು. ಇದು ಗೊತ್ತಿರುವುದು ನನಗೊಬ್ಬಳಿಗೇ. ಸುಳ್ಳು ಹೇಳುವ ಕಷ್ಟವೂ ಇಲ್ಲ, ಸುಮ್ಮನಿದ್ದರೆ ಸಾಕು, ಡಾಕ್ಟರ್ ಎಂಬ ಪದವಿ ತಾನಾಗಿ ಬಂದು ಹೆಸರಿನ ಮುಂದೆ ಕೂರುತ್ತದೆ. ನಿಜ ಹೇಳಬೇಕೆಂದರೆ, ಹಾಗೆ ಸುಮ್ಮನಿರುವ ಆಸೆ ಬಹಳ ಆಯಿತು. ಹೆದರಿಕೆಯೂ ಆಯಿತು. ಈಗಲೇ ಹೋಗಿ ಹೇಳಿದರೆ ಮಾರ್ಗದರ್ಶಕರು ಇದಕ್ಕೂ ಒಂದು ಉತ್ತರ ಕೊಡುತ್ತಾರೆ, ಆ ಉತ್ತರ ನನಗೆ ಹಿತವಾಗಿರುತ್ತದೆ, ನಾನು ಒಪ್ಪಿಬಿಡುತ್ತೇನೆ. ನನಗಿದ್ದ ಭಯವೇ ಅದು. ಆದ್ದರಿಂದ ಅವರೂ ನಾನೂ ತಪ್ಪಿಸಿಕೊಳ್ಳಲಾಗದ ಪುರಾವೆ ಬೇಕಿತ್ತು. ಒಂದೇ ಬಳ್ಳಿಯಿಂದ ಉಪ್ಪಿಗೆ ಮುಂಚೆ ಒಂದು ಚೂರು, ಉಪ್ಪು ಬಿದ್ದ ಮೇಲೆ ಒಂದು ಚೂರು. ವಿಮರ್ಶಕರು ಕೇಳಿದ ಚಿತ್ರಗಳಿಗೆಂದು ಬೆಂಗಳೂರಿನ ಸೂಕ್ಷ್ಮದರ್ಶಕದಲ್ಲಿ ನಮಗೆ ಒಂದು ಸರದಿ ಸಿಕ್ಕಿತ್ತು. ಅವರಿಗೆ ಹೇಳದೆ ಆ ಸರದಿಯನ್ನು ಇದಕ್ಕೆ ಬಳಸುವುದೆಂದು ತೀರ್ಮಾನಿಸಿದೆ. ಆಮೇಲೆ ಇನ್ನೊಂದು ಸರದಿ ಕಾಯುವಷ್ಟು ದಿನ ಪತ್ರಿಕೆಯವರು ಕೊಡುತ್ತಿರಲಿಲ್ಲ.

ಮತ್ತೆ ಹನೂರಿಗೆ ಹೋದೆ. ಬಳ್ಳಿಗೆ ಸಹಿ ಹಾಕುವವಳು ಬಸುರಿ. ಉಪ್ಪಿನ ಅಧಿಕಾರ ಮಾತ್ರ ಅವಳ ತಾಯಿಯದು. ಮೊದಲು ಕೇಳಿದ ಮನೆಯವರು, ಉಪ್ಪಿಲ್ಲದೆ ಕಸ ಕೊಯ್ಯುವ ಮಾತೇ ಬೇಡವೆಂದು ಮುಖ ತಿರುಗಿಸಿದರು. ಎರಡನೆಯವಳು ಕಾಡಂಚಿನ ಊರಿನ ರೈತರ ಮನೆಯ ಹೆಂಗಸು. ಮಗಳ ಚೊಚ್ಚಲ ಹೆರಿಗೆಗೆಂದು ಬಂದು ಬೆಂಚಿನ ಮೇಲೆ ಕೂತಿದ್ದಳು. ಮಗಳು ಒಪ್ಪಿ ಸಹಿ ಹಾಕಿದ್ದಳು. ನಾನು ಪಕ್ಕದಲ್ಲಿ ಕೂತು, ಕೊಳ್ಳೇಗಾಲದವಳೆಂದು ಪರಿಚಯ ಮಾಡಿಕೊಂಡು, ವಿಷಯ ಹೇಳಿದೆ.

"ಮುಂಚೆ ಯಾಕವ್ವ? ಉಪ್ಪಾಕಿರದ್ನೇ ಕುಯ್ಕೊ. ಕೆಡಾಕಿಲ್ಲ" ಎಂದಳು.

"ಉಪ್ಪು ಬಿದ್ರೆ ಅದ್ರೊಳಗಿನ ಜೀವ ಮುದುರ್ಕೊಳ್ತದೆ ಕಣವ್ವ. ನಾನು ನೋಡ್ಬೇಕಾಗಿರೋದು ಆ ಜೀವನೇ."

"ಬಿದ್ದೋದ ಕಸದಲ್ಲಿ ಇನ್ನೂ ಜೀವ ಇರ್ತದಾ?"

"ಸ್ವಲ್ಪ ಹೊತ್ತು ಇರ್ತದೆ."

ಅವಳು ತನ್ನ ಸೆರಗಿನ ಗಂಟನ್ನು ನೋಡಿಕೊಂಡಳು. "ಜೀವ ಇರದ್ಕಾ ನಾವು ಉಪ್ಪಾಕ್ತಿದ್ದುದು?" ಎಂದಳು, ನನಗೆಂದು ಹೇಳಿದ್ದಲ್ಲ. ಆಮೇಲೆ, "ಕೂಸಿಗೆ ಏನೂ ಆಗಾಕಿಲ್ಲ ತಾನೆ?"

"ಇಲ್ಲವ್ವ."

"ಏನಾರ ಆದ್ರೆ ನಿನ್ನ ಬಾಗ್ಲಿಗೇ ಬತ್ತೀನಿ. ಕೊಳ್ಳೇಗಾಲದಲ್ಲಿ ಯಾವ ಬೀದಿ, ಯೋಳು."

ಬೀದಿಯನ್ನೂ ಹೇಳಿದೆ, ಮನೆಯ ಗುರುತನ್ನೂ ಹೇಳಿದೆ. ಅವಳು ಒಪ್ಪಿದಳು.

ಮಧ್ಯಾಹ್ನ ಕೂಸು ಅತ್ತಿದ್ದು ಹೊರಗೆ ಕೇಳಿಸಿತು. ಹೆಣ್ಣು ಕೂಸು ಎಂದು ಆಯಾ ಬಂದು ಹೇಳಿಹೋದಳು. ನಾನು ಚೀಲದಿಂದ ಎರಡು ಸೀಸೆ, ಬ್ಲೇಡು, ಚಿಮಟ ತೆಗೆದು ತೊಡೆಯ ಮೇಲೆ ಜೋಡಿಸಿಕೊಂಡೆ. ಅವಳು ಗಂಟು ಬಿಚ್ಚಿ ಉಪ್ಪನ್ನು ಮುಷ್ಟಿಯಲ್ಲಿ ಹಿಡಿದಳು. ಕಾದೆವು. ಬೇಸಿನ್ ಬರಲಿಲ್ಲ. ಒಳಗೆ ಮಾತು ಕಡಿಮೆಯಾಯಿತು, ಓಡಾಟ ಜಾಸ್ತಿಯಾಯಿತು. ಸಿಸ್ಟರ್ ಹೊರಗೆ ಬಂದು ನಮ್ಮಿಬ್ಬರ ಮುಖವನ್ನೂ ನೋಡದೆ ಡಾಕ್ಟರಿಗೆ ಫೋನು ಮಾಡಿದರು. ಆಂಬುಲೆನ್ಸ್ ಬಾಗಿಲಿಗೆ ಬರಲಿ ಎಂದರು.

"ಕಸ ಬೀಳ್ನಿಲ್ಲ ಅಂತವ್ರೆ" ಎಂದಳು ಅವಳು. ಧ್ವನಿಯೇ ಬೇರೆಯಾಗಿತ್ತು. "ನೀನು ಓದಿದೋಳು. ಏನ್ ಮಾಡ್ತಾರೆ ಯೋಳವ್ವ."

ನನ್ನ ತೊಡೆಯ ಮೇಲೆ ಸೀಸೆಗಳು ಹಾಗೇ ಇದ್ದವು. ಅವಳ ಕಣ್ಣು ಅವುಗಳ ಮೇಲೆ ಬಿತ್ತು. ಒಳಗೆ ಒಬ್ಬಳು ರಕ್ತ ಸುರಿಸುತ್ತ ಮಲಗಿದ್ದಾಳೆ, ಬೀಳದೆ ನಿಂತಿರುವುದು ನಾನು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ ವಸ್ತುವೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಎಲ್ಲವನ್ನೂ ಚೀಲಕ್ಕೆ ತುಂಬಿದೆ. ಇಂಜೆಕ್ಷನ್ ಕೊಟ್ಟಿರುತ್ತಾರೆ, ಅದಕ್ಕೂ ಬೀಳದಿದ್ದರೆ ಡಾಕ್ಟರು ಕೈಯಿಂದ ತೆಗೆಯುತ್ತಾರೆ, ಅದೂ ಆಗದಿದ್ದರೆ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗುತ್ತಾರೆ ಎಂದೆ. ಹೇಳುತ್ತಾ ಅವಳ ಮುಷ್ಟಿಯ ಮೇಲೆ ಕೈಯಿಟ್ಟೆ. ಬೆವರಿಗೆ ಉಪ್ಪು ಕರಗಿ ಕೈಯೆಲ್ಲ ಒದ್ದೆಯಾಗಿತ್ತು. ಎದ್ದು ಬಾಗಿಲಿಗೆ ಹೋಗಿ, ನನ್ನ ಬಳ್ಳಿಯ ಚಿಂತೆ ಬಿಟ್ಟುಬಿಡಿ ಎಂದು ಸಿಸ್ಟರಿಗೆ ಹೇಳಿದೆ.

"ಈಗ ಅದ್ರ ಚಿಂತೆ ಯಾರಿಗೈತೆ ಮೇಡಂ, ಪಕ್ಕಕ್ಕೆ ಬನ್ನಿ" ಎಂದು ಅವರು ನನ್ನನ್ನು ತಳ್ಳಿಕೊಂಡೇ ಹೊರಟರು.

ಆಂಬುಲೆನ್ಸ್ ಬಂದು ನಿಂತು ಇಂಜಿನ್ ಆರಿಸದೆ ಕಾಯುತ್ತಿತ್ತು. ಡಾಕ್ಟರು ಬಂದವರೇ ಒಳಗೆ ಹೋದರು. ಮಗಳು ಒಮ್ಮೆ ಕೂಗಿದಳು, ಆಮೇಲೆ ಸದ್ದಿಲ್ಲ. ಆ ಸದ್ದಿಲ್ಲದ ಹೊತ್ತಿನಲ್ಲಿ ನನಗೆ ಬಿಳಿಗಿರಿರಂಗನೂ ನೆನಪಾದ, ಮಾದಪ್ಪನೂ ನೆನಪಾದ, ಹರಕೆಯನ್ನೂ ಹೊತ್ತೆ. ಕೊನೆಗೆ ಆಯಾ ಬಾಗಿಲು ತೆರೆದು, ಡಾಕ್ಟರು ಕಸ ತೆಗೆದರು, ರಕ್ತ ನಿಂತಿದೆ ಎಂದಳು. ತಾಯಿ ಬೆಂಚಿನಿಂದ ಜಾರಿ ನೆಲದ ಮೇಲೆ ಕೂತು ಅತ್ತಳು. ಡಾಕ್ಟರು ಹೊರಗೆ ಬಂದು ಆಂಬುಲೆನ್ಸಿನವನಿಗೆ ಹೋಗು ಎಂದು ಕೈ ಮಾಡಿದರು.

ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದೆ. ಈ ದಿನ ಕೇಳುವ ಮುಖ ನನಗಿರಲಿಲ್ಲ.

"ಎಲ್ಲಿಗೋಯ್ತಿದ್ದೀಯವ್ವ?" ಹಿಂದಿನಿಂದ ಅವಳೇ ಕರೆದಳು. ಮಗಳ ಮುಖ ನೋಡಿಕೊಂಡು ಬಂದಿದ್ದಳು. ಒಂದು ಕೈಯಲ್ಲಿ ಬೇಸಿನ್, ಇನ್ನೊಂದು ಕೈ ಇನ್ನೂ ಮುಷ್ಟಿ. "ಬಾ, ಬೇಗ್ನೆ ಕುಯ್ಕೊ. ನಾನಿನ್ನೂ ಉಪ್ಪಾಕಿಲ್ಲ."

ಚೀಲ ಇಳಿಸಿ ಸೀಸೆ, ಬ್ಲೇಡು ತೆಗೆದೆ. ಒಂದು ಚೂರು ಕೊಯ್ದು ದ್ರಾವಣಕ್ಕೆ ಹಾಕಿದೆ. ಅವಳು ಮುಷ್ಟಿ ಬಿಚ್ಚಿ, ಕರಗಿ ಉಳಿದ ಉಪ್ಪು ಸಾಲದೆ ಗಂಟಿನಿಂದ ಇನ್ನಷ್ಟು ತೆಗೆದು, ಬಳ್ಳಿಗೆ ಸವರಿದಳು. ಎಂದಿನಷ್ಟು ಹೊತ್ತು ಬಿಟ್ಟು, ಎಂದಿನ ಹಾಗೆ ನಲ್ಲಿಯಲ್ಲಿ ತೊಳೆದು, ಎರಡನೆಯ ಚೂರು ಕೊಯ್ದೆ. ಅಮ್ಮನ ಮನೆಗೆ ಹೋಗಲಿಲ್ಲ, ನೇರ ಮೈಸೂರಿಗೆ ಹೋದೆ.

ಬೆಂಗಳೂರಿನ ಕತ್ತಲೆ ಕೋಣೆಯಲ್ಲಿ ಮೊದಲ ಸೀಳು ಪರದೆಯ ಮೇಲೆ ಬಂದಾಗ ನನ್ನೊಳಗೆ ಎರಡು ಪ್ರಾರ್ಥನೆ ನಡೆಯುತ್ತಿದ್ದವು, ಒಂದಕ್ಕೊಂದು ವಿರುದ್ಧ. ಉಪ್ಪಿಗೆ ಮುಂಚಿನ ಚೂರು, ಅಂಚಿನಿಂದ ನಡುವಿನವರೆಗೂ ತಿಳಿ. ಉಪ್ಪಿನ ನಂತರದ್ದು, ಅಂಚಿಗೆ ಕಪ್ಪು ಸಾಲು. ಸುಕ್ಕು, ಸುತ್ತಲಿನ ಖಾಲಿ ಜಾಗ, ಎಲ್ಲವೂ ನಮ್ಮ ಪ್ರಬಂಧದ ಚಿತ್ರಗಳ ಪಡಿಯಚ್ಚು. ಯಂತ್ರ ನಡೆಸುತ್ತಿದ್ದವರು ಚೆನ್ನಾಗಿ ಬಂದಿದೆ ಎಂದು ಹೊಗಳಿದರು. ನನಗೆ ಅಳು ಬಂತು.

ಮರುದಿನ ಮಾರ್ಗದರ್ಶಕರ ಮೇಜಿನ ಮೇಲೆ ಒಂದೊಂದರಲ್ಲೂ ಒಂದೇ ಕೋಶವಿರುವ ಎರಡು ಚಿತ್ರ ಇಟ್ಟೆ. ಮೇಲೆ ಏನೂ ಬರೆದಿರಲಿಲ್ಲ.

"ಇದು ಬಳ್ಳಿ, ಹೊರ ಅಂಚು" ಎಂದರು, ಕಪ್ಪನ್ನು ಮುಟ್ಟಿ. "ಇದು ಹಲ್ಲು. ಅಲ್ವಾ?"

"ಎರಡೂ ಬಳ್ಳಿ ಸರ್. ಎರಡೂ ಹೊರ ಅಂಚೇ. ಒಂದೇ ತಾಯಿ, ಒಂದೇ ಬಳ್ಳಿ, ಒಂದೇ ದಿನ. ಮಧ್ಯದಲ್ಲಿ ಒಂದು ಹಿಡಿ ಉಪ್ಪು."

ಎಲ್ಲವನ್ನೂ ಹೇಳಿದೆ. ಸರದಿಯನ್ನು ಯಾರನ್ನು ಕೇಳಿ ಬಳಸಿದೆ ಎಂದು ಅವರು ಗದರಿದರು. ನಿಮ್ಮನ್ನು ಕೇಳಲಿಲ್ಲ ಎಂದೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಎರಡು ಚಿತ್ರಗಳನ್ನೂ ಅದಲುಬದಲು ಮಾಡಿ ಇಟ್ಟು ನೋಡಿದರು. ಅವರು ಉತ್ತರ ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು, ಸಿಗಲಿ ಎಂದು ನಾನೂ ಒಳಗೊಳಗೇ ಹಾರೈಸಿದೆ. ಸಿಗಲಿಲ್ಲ. ಕಂಪ್ಯೂಟರನ್ನು ತಮ್ಮ ಕಡೆ ಎಳೆದುಕೊಂಡು, ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇವೆ ಎಂದು ಪತ್ರಿಕೆಗೆ ತಾವೇ ಬರೆದರು.

"ಈ ಮೇಲ್ ಹೋದ್ರೆ ಪ್ರಾಜೆಕ್ಟ್ ಮುಂದಕ್ಕೆ ಹೋಗಲ್ಲ" ಎಂದರು, ನನ್ನ ಕಡೆ ತಿರುಗದೆ. "ನಿನ್ನ ಥೀಸಿಸ್ಸೂ ಹೋಗಲ್ಲ. ಗೊತ್ತಲ್ಲ?"

"ಗೊತ್ತು ಸರ್."

ಕಳಿಸಿದರು. ನಾನು ಎದ್ದು ಚಿತ್ರಗಳನ್ನು ಜೋಡಿಸಿಕೊಂಡು ಬಾಗಿಲವರೆಗೆ ಹೋದೆ.

"ನಾಳೆ ಬೆಳಿಗ್ಗೆ ಯಳಂದೂರಿಗೆ ಹೋಗು" ಎಂದರು ಮಾರ್ಗದರ್ಶಕರು. "ಆ ಕೊಬ್ಬಿಗೆ ಅಲ್ಲಿ ಯಾರು ಏನು ಹಾಕ್ತಾರೋ, ನಿಂತು ನೋಡ್ಕೊಂಡು ಬಾ."